ಹೊಸ ಫೋನ್, ಒಳ್ಳೆ ನೆಟ್, ಆದ್ರೂ ವಿಡಿಯೋ ಮಸುಕು: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಮನೆಗೆ ಫೈಬರ್ ಬಂದಿದೆ. ಫೋನ್ ಕೂಡ ಹಳೆಯದಲ್ಲ. ತಿಂಗಳು ತಿಂಗಳು ಆಪ್‌ಗೆ ದುಡ್ಡು ಕಟ್ಟುತ್ತಿದ್ದೀರಿ. ಆದರೂ ಸಿನಿಮಾ ಹಾಕಿದರೆ ಮುಖಗಳು ಮಸುಕು. ಮುಂಬೈಯಲ್ಲಿರುವ ನಮ್ಮ ಕನ್ನಡದವರ ಮನೆಗಳಿಂದ, ಡೊಂಬಿವಲಿ, ಠಾಣೆ, ಮಾಟುಂಗಾ ಎಲ್ಲ ಕಡೆಯಿಂದ, ನನ್ನ ಹತ್ತಿರ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಕೇಳುವವರು ಬರುವಾಗಲೇ ಒಂದು ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ನೆಟ್ ಕಂಪನಿ ಬದಲಿಸಬೇಕು, ಇಲ್ಲವಾದರೆ ಫೋನ್ ಬದಲಿಸಬೇಕು. ಎಷ್ಟೋ ಸಲ ಎರಡೂ ಬೇಕಾಗಿರುವುದಿಲ್ಲ.

ವಿಡಿಯೋದ ಗುಣಮಟ್ಟಕ್ಕೆ ಐದು ಕಡೆ ಮಿತಿ ಬೀಳಬಹುದು. ಅಪ್‌ಲೋಡ್ ಆಗಿರುವ ಮೂಲ ವಿಡಿಯೋ, ನಿಮ್ಮ ಪ್ಲಾನ್ ಮತ್ತು ಆಪ್ ಸೆಟ್ಟಿಂಗ್, ಫೋನಿನ ಡಿಆರ್‌ಎಂ (ಸಿನಿಮಾ ನಕಲಾಗದಂತೆ ಹಾಕುವ ಬೀಗ) ಮಟ್ಟ, ಚಿಪ್ಪಿನೊಳಗಿನ ಡಿಕೋಡರ್ (ಹಿಂಡಿ ಕಳಿಸಿದ ವಿಡಿಯೋವನ್ನು ಬಿಡಿಸುವ ಭಾಗ), ಕೊನೆಗೆ ನೆಟ್. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಮ್ಮಿ ಇದೆಯೋ, ನಿಮ್ಮ ತೆರೆಗೆ ಬರುವುದು ಅಷ್ಟೇ. ಮಿಕ್ಕ ನಾಲ್ಕನ್ನು ಎಷ್ಟು ಸುಧಾರಿಸಿದರೂ ಉಪಯೋಗ ಇಲ್ಲ. ಒಳ್ಳೆಯ ಸಂಗತಿ ಏನೆಂದರೆ, ಯಾವುದು ಕಮ್ಮಿ ಎಂದು ಫೋನೇ ಅಂಕಿಗಳಲ್ಲಿ ಹೇಳುತ್ತದೆ. ಅದನ್ನು ಓದದೆ ಖರ್ಚು ಮಾಡಬೇಡಿ.

ಮೊದಲು ಲಕ್ಷಣ ಬೇರೆ ಮಾಡಿ

ಮನೆಯ ವೈಫೈನಲ್ಲಿ, ರೂಟರ್ ಇರುವ ಕೋಣೆಯಲ್ಲೇ ಕೂತುಕೊಳ್ಳಿ. ಯೂಟ್ಯೂಬ್‌ನಲ್ಲಿ 4ಕೆ ವರೆಗೆ ಇರುವ ಯಾವುದಾದರೂ ವಿಡಿಯೋ ಹಾಕಿ, 1080ಪಿ ಆರಿಸಿ (ಈ ಅಂಕಿ ಜಾಸ್ತಿಯಾದಷ್ಟೂ ಚಿತ್ರ ಸ್ಪಷ್ಟ). ಕೆಲವು ನಿಮಿಷ ನೋಡಿ. ಆಮೇಲೆ ಅಲ್ಲೇ ಕೂತು ದುಡ್ಡು ಕಟ್ಟಿದ ಆಪ್‌ನಲ್ಲಿ ಒಂದು ಹೊಸ ಸಿನಿಮಾ ಹಾಕಿ.

ಯೂಟ್ಯೂಬ್ ಸ್ಪಷ್ಟವಾಗಿದ್ದು ಸಿನಿಮಾ ಮಾತ್ರ ಮಸುಕಾಗಿದ್ದರೆ, ನೆಟ್ಟಿನ ಮೇಲಿನ ಅನುಮಾನ ಹೆಚ್ಚುಕಮ್ಮಿ ಬಿಡಬಹುದು. ಯೂಟ್ಯೂಬ್‌ನ ಸಾಮಾನ್ಯ ಉಚಿತ ವಿಡಿಯೋಗಳಿಗೆ ಡಿಆರ್‌ಎಂ ಬೀಗ ಇರುವುದಿಲ್ಲ, ಸಿನಿಮಾ ಆಪ್‌ಗಳಿಗೆ ಇರುತ್ತದೆ. ಹಾಗಾಗಿ ಪ್ಲಾನ್ ಮತ್ತು ಡಿಆರ್‌ಎಂ ಕಡೆ ಹೋಗಿ. ಎರಡೂ ಮಸುಕಾಗಿದ್ದರೆ ನೆಟ್ ಅಥವಾ ಸೆಟ್ಟಿಂಗ್ ನೋಡಿ. ಚಿತ್ರ ಸ್ಪಷ್ಟ ಇದೆ, ಆದರೆ ತಡೆದು ತಡೆದು ಓಡುತ್ತದೆ, ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಸುಮ್ನೆ ಇಳಿಯುತ್ತದೆ ಎಂದರೆ ಡಿಕೋಡರ್ ನೋಡಿ. ಯಾರೋ ಕಳಿಸಿದ ಫೈಲಿನಲ್ಲಿ ಶಬ್ದ ಇದ್ದು ಚಿತ್ರ ಇಲ್ಲದಿದ್ದರೆ ಅದು ಕೋಡೆಕ್, ಅಂದರೆ ವಿಡಿಯೋ ಹಿಂಡುವ ವಿಧಾನದ, ವಿಷಯ. ಅದನ್ನು ಕೊನೆಗೆ ಹೇಳುತ್ತೇನೆ.

ವಿಡಿಯೋನೇ ಹಾಗಿದ್ದರೆ

ಮುಂಬೈಯಲ್ಲಿರುವ ಕರಾವಳಿಯ ಹಿರಿಯರು ಫೋನಿನಲ್ಲಿ ನೋಡುವುದು ಮುಖ್ಯವಾಗಿ ಯಕ್ಷಗಾನ. ರಾತ್ರಿ ಊರಿನ ಬಯಲಿನಿಂದ ಲೈವ್ ಬರುತ್ತದೆ. ವೇಷದ ಬಣ್ಣ ಎಲ್ಲ ಕಲಸಿಹೋಗಿ ಕಾಣುತ್ತದೆ, ಆಗ ಫೋನ್ ಹಾಳಾಯಿತು ಅನ್ನುತ್ತಾರೆ. ಆದರೆ ಆ ಲೈವ್ ಹೊರಟಿದ್ದೇ ಗದ್ದೆ ಪಕ್ಕದ ಒಂದು ಮೊಬೈಲ್ ಸಿಗ್ನಲ್ ಮೇಲೆ. ಅಲ್ಲಿಂದ 480ಪಿ ಹೊರಟರೆ ಇಲ್ಲಿ 1080ಪಿ ಆಗುವುದಿಲ್ಲ. ಗೇರ್ ಗುರುತು ಒತ್ತಿ, ಕ್ವಾಲಿಟಿ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನ ಅಂಕಿ ಏನಿದೆ ನೋಡಿ. ಬೇರೆ ವಿಡಿಯೋಗಳಲ್ಲಿ 1080ಪಿ ಇದ್ದು, ಇದೊಂದರಲ್ಲಿ ಮಾತ್ರ 480ಕ್ಕೆ ನಿಂತಿದ್ದರೆ ಆ ವಿಡಿಯೋಗೆ ಅದೇ ಮಿತಿ.

ಹೊಸದಾಗಿ ಅಪ್‌ಲೋಡ್ ಆದ ವಿಡಿಯೋ ಆದರೆ ಸ್ವಲ್ಪ ತಾಳ್ಮೆ ಬೇಕು. ಯೂಟ್ಯೂಬ್ ಮೊದಲು ಕಡಿಮೆ ಗುಣಮಟ್ಟದ ಪ್ರತಿಯನ್ನು ತಯಾರಿಸಿ ಬಿಡುತ್ತದೆ. ಎಚ್‌ಡಿ ಪ್ರತಿ ಆಮೇಲೆ ಬರುತ್ತದೆ. ಉದ್ದದ ಪ್ರಸಂಗವಾದರೆ ಇನ್ನೂ ತಡ. ಮರುದಿನ ಅದೇ ವಿಡಿಯೋ ಚೆನ್ನಾಗಿ ಕಾಣುತ್ತದೆ.

ಪ್ಲಾನ್ ಮತ್ತು ಸೆಟ್ಟಿಂಗ್

ಇದು ಎರಡು ನಿಮಿಷದ ಕೆಲಸ. ನೆಟ್‌ಫ್ಲಿಕ್ಸ್ 2019ರ ಜುಲೈನಲ್ಲಿ ನಮ್ಮ ದೇಶಕ್ಕೆಂದೇ 199 ರೂಪಾಯಿಯ ಮೊಬೈಲ್ ಪ್ಲಾನ್ ತಂದಿತು, 2021ರ ಡಿಸೆಂಬರ್‌ನಲ್ಲಿ ಅದನ್ನು 149ಕ್ಕೆ ಇಳಿಸಿತು. ಆ ಪ್ಲಾನಿನ ಮಿತಿ 480ಪಿ. ಫೋನ್ ಲಕ್ಷ ರೂಪಾಯಿಯದ್ದಾದರೂ ಅಷ್ಟೇ. ರೀಚಾರ್ಜ್ ಜೊತೆ ಸಿಗುವ ಚಂದಾಗಳು ಯಾವ ದರ್ಜೆಯವು ಎಂದು ಆಪ್‌ನ ಅಕೌಂಟ್ ಪುಟದಲ್ಲೇ ಓದಿ, ರೀಚಾರ್ಜ್ ಜಾಹೀರಾತಿನಲ್ಲಿ ಅಲ್ಲ.

ಯೂಟ್ಯೂಬ್‌ನಲ್ಲಿ ತುಂಬ ಜನ ಎಡವುವ ಜಾಗ ಒಂದಿದೆ. ವಿಡಿಯೋ ಓಡುವಾಗ ಅಡ್ವಾನ್ಸ್ಡ್‌ಗೆ ಹೋಗಿ 1080ಪಿ ಆರಿಸಿದರೆ ಅದು ಆ ಒಂದು ವಿಡಿಯೋಗೆ ಮಾತ್ರ. ಮುಂದಿನದಕ್ಕೆ ಮತ್ತೆ ಆಟೋ. ಯಾವಾಗಲೂ ಬೇಕೆಂದರೆ ಸೆಟ್ಟಿಂಗ್ಸ್ ಒಳಗೆ ವಿಡಿಯೋ ಕ್ವಾಲಿಟಿ ಪ್ರಿಫರೆನ್ಸಸ್ ತೆರೆದು, ಮೊಬೈಲ್ ನೆಟ್‌ಗೆ ಒಂದು, ವೈಫೈಗೆ ಒಂದು, ಬೇರೆ ಬೇರೆಯಾಗಿ ಹೈಯರ್ ಪಿಕ್ಚರ್ ಕ್ವಾಲಿಟಿ ಆರಿಸಬೇಕು. ಅಲ್ಲಿ ಡೇಟಾ ಸೇವರ್ ಆನ್ ಆಗಿದ್ದರೆ ಮಸುಕು ಬಂದೇ ಬರುತ್ತದೆ. ಸಿನಿಮಾ ಆಪ್‌ಗಳಲ್ಲೂ ಸೆಲ್ಯುಲರ್ ಡೇಟಾ ಬಳಕೆ ಎಂದು ಇಂಥದ್ದೇ ಒಂದು ಸೆಟ್ಟಿಂಗ್ ಇರುತ್ತದೆ.

ಡಿಆರ್‌ಎಂ ಮಟ್ಟ: ಎಲ್1 ಇದೆಯಾ, ಎಲ್3 ಇದೆಯಾ?

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವ ವಿಷಯ ಇದು. ಆಂಡ್ರಾಯ್ಡ್ ಫೋನುಗಳಲ್ಲಿ ಸಿನಿಮಾ ಕಳ್ಳತನ ಆಗದಂತೆ ಕಾಯುವ ವ್ಯವಸ್ಥೆಗೆ ವೈಡ್‌ವೈನ್ ಎಂದು ಹೆಸರು. ಅದನ್ನು ಮಾಡಿದ ಕಂಪನಿಯನ್ನು ಗೂಗಲ್ 2010ರಲ್ಲಿ ಕೊಂಡುಕೊಂಡಿತು. ಅದಕ್ಕೆ ಎಲ್1, ಎಲ್2, ಎಲ್3 ಎಂದು ಮೂರು ಮಟ್ಟ. ಫೋನುಗಳಲ್ಲಿ ನಾವು ನೋಡುವುದು ಹೆಚ್ಚಾಗಿ ಒಂದನೆಯದು ಮತ್ತು ಮೂರನೆಯದು.

ಎಲ್1 ಎಂದರೆ, ಬಂದ ವಿಡಿಯೋದ ಬೀಗ ತೆಗೆಯುವ ಕೆಲಸ, ಅದನ್ನು ಬಿಡಿಸಿ ತೆರೆಗೆ ಕಳಿಸುವ ಕೆಲಸ ಎರಡೂ ಚಿಪ್ಪಿನೊಳಗಿನ ಒಂದು ಪ್ರತ್ಯೇಕ, ಭದ್ರವಾದ ಜಾಗದಲ್ಲಿ ನಡೆಯುತ್ತವೆ. ಬೇರೆ ಯಾವ ಆಪ್ ಕೂಡ ಒಳಗೆ ಇಣುಕುವುದಕ್ಕೆ ಆಗುವುದಿಲ್ಲ. ಸಿನಿಮಾ ಓಡುವಾಗ ಸ್ಕ್ರೀನ್ ರೆಕಾರ್ಡ್ ಮಾಡಿದರೆ ಬರೀ ಕಪ್ಪು ಬರುವುದಕ್ಕೆ ಇದೂ ಒಂದು ಕಾರಣ. ಎಲ್3ರಲ್ಲಿ ಆ ಕೆಲಸ ಎಲ್ಲ ಸಾಮಾನ್ಯ ಸಾಫ್ಟ್‌ವೇರ್‌ನಲ್ಲೇ ನಡೆಯುತ್ತದೆ. ಅದು ಅಷ್ಟು ಭದ್ರ ಅಲ್ಲ. ಅದಕ್ಕೇ ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೋದಂಥ ಆಪ್‌ಗಳು ಎಲ್3 ಫೋನಿಗೆ ಎಚ್‌ಡಿ ಕೊಡುವುದೇ ಇಲ್ಲ, 480ಪಿ ಆಸುಪಾಸಿನಲ್ಲೇ ನಿಲ್ಲಿಸುತ್ತವೆ. 480ಪಿ ಚಿತ್ರದಲ್ಲಿ ಸುಮಾರು 4 ಲಕ್ಷ ಚುಕ್ಕೆಗಳು, 1080ಪಿಯಲ್ಲಿ 20 ಲಕ್ಷಕ್ಕೂ ಜಾಸ್ತಿ. ಕಣ್ಣಿಗೆ ಗೊತ್ತಾಗುವುದು ಈ ಅಂತರ. ನೆಟ್ ಸ್ಪೀಡ್ 300 ಎಂಬಿಪಿಎಸ್ ಇದ್ದರೂ ಇದು ಬದಲಾಗುವುದಿಲ್ಲ.

ನೋಡುವುದು ಹೇಗೆ? ನೆಟ್‌ಫ್ಲಿಕ್ಸ್ ಇದ್ದರೆ ಆಪ್ ಸೆಟ್ಟಿಂಗ್ಸ್ ತೆರೆದು ಕೆಳಗೆ ಹೋಗಿ. ಡಯಾಗ್ನಾಸ್ಟಿಕ್ಸ್ ಭಾಗದಲ್ಲಿ ಪ್ಲೇಬ್ಯಾಕ್ ಸ್ಪೆಸಿಫಿಕೇಶನ್ ಎಂದು ಇರುತ್ತದೆ. ಅದರಲ್ಲಿ ವೈಡ್‌ವೈನ್ ಮಟ್ಟ, ಆ ಫೋನಿಗೆ ಸಿಗುವ ಗರಿಷ್ಠ ರೆಸಲ್ಯೂಶನ್ ಎರಡೂ ಬರೆದಿರುತ್ತದೆ. ನೆಟ್‌ಫ್ಲಿಕ್ಸ್ ಇಲ್ಲದವರು ಪ್ಲೇ ಸ್ಟೋರ್‌ನಿಂದ ಡಿಆರ್‌ಎಂ ಇನ್ಫೋ ಎಂಬ ಆಪ್ ಹಾಕಿ, ಸೆಕ್ಯುರಿಟಿ ಲೆವೆಲ್ ಎಂಬ ಸಾಲು ಓದಿ. ಐಫೋನಿನವರಿಗೆ ಈ ಗೋಜು ಇಲ್ಲ. ಅಲ್ಲಿ ಆಪಲ್‌ನದೇ ಫೇರ್‌ಪ್ಲೇ ಇದೆ.

ಎಲ್1 ಇದ್ದೂ ಮಿತಿ ಎಸ್‌ಡಿ (480ಪಿ ಆಸುಪಾಸು) ಎಂದು ತೋರಿಸಬಹುದು. ನೆಟ್‌ಫ್ಲಿಕ್ಸ್ ಎಚ್‌ಡಿ ಕೊಡುವ ಮೊದಲು ಫೋನಿನ ಮಾಡೆಲ್‌ಗೆ ತನ್ನದೇ ಒಪ್ಪಿಗೆ ಕೊಡಬೇಕು. ಈಗಷ್ಟೇ ಮಾರ್ಕೆಟ್ಟಿಗೆ ಬಂದ ಮಾಡೆಲ್ ಆದರೆ ಆಪ್ ಮತ್ತು ಫೋನ್ ಎರಡನ್ನೂ ಅಪ್‌ಡೇಟ್ ಮಾಡುತ್ತಾ ಕಾಯುವುದೇ ದಾರಿ.

ಇನ್ನು ಎಲ್3 ಎಂದು ಬಂದರೆ, ಅದಕ್ಕೂ ಕಾರಣಗಳು ಬೇರೆ ಬೇರೆ. ಕೆಲವು ಫೋನುಗಳು ಹುಟ್ಟಿನಿಂದಲೇ ಹಾಗೆ. ಒನ್‌ಪ್ಲಸ್ 5 ಮತ್ತು 5ಟಿ ಬಂದಾಗ ಎಲ್3 ಇತ್ತು. ಸರಿಪಡಿಸಬೇಕಾದರೆ ಫೋನನ್ನೇ ಕಂಪನಿಗೆ ಕಳಿಸಬೇಕು ಎಂದು 2018ರಲ್ಲಿ ಒನ್‌ಪ್ಲಸ್ ಹೇಳಿತು, ಯಾಕೆಂದರೆ ಎಲ್1ಗೆ ಬೇಕಾದ ಕೀಲಿಯನ್ನು ಫೋನಿನ ಭದ್ರ ಜಾಗದಲ್ಲಿ ಕೂರಿಸಬೇಕು. ಅದೇ ವರ್ಷ ಬಂದ ಪೋಕೋ ಎಫ್1 ಕೂಡ ಎಲ್3ರಲ್ಲೇ ಬಂತು. ಅದಕ್ಕೆ 2019ರಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮೂಲಕವೇ ಎಲ್1 ಸಿಕ್ಕಿತು. ಎರಡೂ ಅವತ್ತಿಗೆ ಬಲವಾದ ಚಿಪ್ ಇದ್ದ ಫೋನುಗಳು! ಬೆಲೆ ನೋಡಿ, ಪ್ರೊಸೆಸರ್ ನೋಡಿ ಈ ವಿಷಯ ಊಹಿಸುವುದಕ್ಕೆ ಆಗುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು. ರ್‍ಯಾಮ್, ಕ್ಯಾಮೆರಾ ಮೆಗಾಪಿಕ್ಸೆಲ್ ಎಲ್ಲ ದೊಡ್ಡದಾಗಿ ಅಚ್ಚು ಹಾಕುವ ಡಬ್ಬಿಯ ಮೇಲೆ ವೈಡ್‌ವೈನ್ ಮಟ್ಟವನ್ನೂ ಹಾಕಲೇಬೇಕು. ದುಡ್ಡು ಕೊಡುವವರಿಗೆ ಅದು ಮೊದಲೇ ಗೊತ್ತಾಗಬೇಕು, ಅಲ್ವಾ?

ಮೊದಲು ಎಲ್1 ಇದ್ದು ಆಮೇಲೆ ಎಲ್3 ಆದ ಫೋನುಗಳೂ ಸಿಗುತ್ತವೆ. ಬೂಟ್‌ಲೋಡರ್ (ಫೋನನ್ನು ಶುರು ಮಾಡುವ ಸಾಫ್ಟ್‌ವೇರ್) ಅನ್‌ಲಾಕ್ ಮಾಡಿದ್ದರೆ, ಕಂಪನಿಯದಲ್ಲದ ಬೇರೆ ಸಾಫ್ಟ್‌ವೇರ್ (ಕಸ್ಟಮ್ ರಾಮ್) ಹಾಕಿದ್ದರೆ ಹಲವು ಮಾಡೆಲ್‌ಗಳಲ್ಲಿ ಹೀಗಾಗುತ್ತದೆ. ಕಂಪನಿಯ ಮೂಲ ಸಾಫ್ಟ್‌ವೇರ್ ಹಾಕಿ ಬೂಟ್‌ಲೋಡರ್ ಮತ್ತೆ ಲಾಕ್ ಮಾಡಿದರೆ ಹಲವು ಫೋನುಗಳಲ್ಲಿ ಎಲ್1 ವಾಪಸ್ ಬರುತ್ತದೆ. ಬೋರ್ಡ್ ರಿಪೇರಿ ಇನ್ನೊಂದು ಕಾರಣ. ಕೀಲಿ ಇರುವುದು ಮದರ್‌ಬೋರ್ಡಿನ ಮೇಲಿನ ಮೆಮೊರಿಯಲ್ಲಿ. ಬೋರ್ಡ್ ಬದಲಿಸಿ ಹೊಸ ಕೀಲಿ ಕೂರಿಸದೆ ಹೋದರೆ ಫೋನ್ ಎಲ್ಲ ಥರದಲ್ಲೂ ಚೆನ್ನಾಗಿ ನಡೆಯುತ್ತದೆ, ಸಿನಿಮಾ ಮಾತ್ರ ಎಸ್‌ಡಿ.

ನಮ್ಮ ಭಾವ ಗ್ರ್ಯಾಂಟ್ ರೋಡ್ ಕಡೆಯ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಫೋನ್ ತೆಗೆದುಕೊಂಡಾಗ ಆಗಿದ್ದು ಇದೇ. ಮನೆಯ ರೂಟರ್ ಬದಲಿಸಿದ ಮೇಲೆ ನನಗೆ ಫೋನ್ ಮಾಡಿದರು. "ಭಾವ, ಅದರ ಬೋರ್ಡ್ ರಿಪೇರಿ ಆಗಿತ್ತಾ ಅಂತ ಕೇಳಿದ್ರಾ?" ಅಂದೆ. "ಗ್ಲಾಸ್ ಮಾತ್ರ ಬದಲಾಗಿದೆ ಅಂದ ಮಾರಾಯ," ಅಂದರು. ಡಿಆರ್‌ಎಂ ಇನ್ಫೋ ತೆರೆದರೆ ಎಲ್3. ಅದೇ ಮಾಡೆಲ್ ಅವರ ಮಗನ ಹತ್ತಿರ ಇತ್ತು, ಅದರಲ್ಲಿ ಎಲ್1. ಒಂದೇ ಮಾಡೆಲ್‌ನ ಎರಡು ಫೋನ್ ಪಕ್ಕ ಪಕ್ಕ ಇಟ್ಟು ನೋಡುವುದಕ್ಕಿಂತ ಗಟ್ಟಿ ಪುರಾವೆ ಬೇರೆ ಬೇಕಿಲ್ಲ. ಆ ಪುರಾವೆ ತೋರಿಸಿಯೇ ಫೋನ್ ವಾಪಸ್ ಮಾಡಿದ್ದು.

ಹಾಗಾಗಿ ಲ್ಯಾಮಿಂಗ್ಟನ್ ರೋಡಿರಲಿ, ಮನೀಶ್ ಮಾರ್ಕೆಟ್ಟಿರಲಿ, ಹಳೆ ಫೋನ್ ಕೈಗೆ ಬಂದ ತಕ್ಷಣ, ದುಡ್ಡು ಎಣಿಸುವ ಮೊದಲೇ, ಅಂಗಡಿಯಲ್ಲೇ ನಿಂತು ಈ ಸಾಲು ಓದಿ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನ ಅಬೌಟ್‌ನಲ್ಲಿ ಪ್ಲೇ ಪ್ರೊಟೆಕ್ಟ್ ಸರ್ಟಿಫಿಕೇಶನ್ ಸಾಲನ್ನೂ ನೋಡಿ, ಸರ್ಟಿಫೈಡ್ ಎಂದಿರಬೇಕು. ಸರ್ವಿಸ್ ಸೆಂಟರ್‌ನಲ್ಲಿ ಬೋರ್ಡ್ ಬದಲಿಸಿದರೆ, ಬಿಲ್ ಕಟ್ಟುವ ಮೊದಲು ಎಲ್1 ತೋರಿಸಿ ಎಂದು ಕೇಳಿ. ಕೀಲಿ ಕೂರಿಸಬಲ್ಲವರು ಅವರೇ. ಎಲ್3 ಅನ್ನು ಎಲ್1 ಮಾಡಿಕೊಡುತ್ತೇವೆ ಎಂದು ಓಡಾಡುವ ಫೈಲುಗಳನ್ನು ಮಾತ್ರ ಹಾಕಬೇಡಿ. ಬ್ಯಾಂಕಿನ ಆಪ್ ಇರುವ ಫೋನದು.

ಬಿಸಿ, ತಡೆ, ಬ್ಯಾಟರಿ: ಡಿಕೋಡರ್ ವಿಷಯ

ವಿಡಿಯೋವನ್ನು ಹಾಗೇ ಕಳಿಸಿದರೆ ಯಾವ ನೆಟ್ ಕೂಡ ತಾಳುವುದಿಲ್ಲ. ಅದಕ್ಕೇ ಹಿಂಡಿ ಚಿಕ್ಕದು ಮಾಡಿ ಕಳಿಸುತ್ತಾರೆ, ಫೋನ್ ಅದನ್ನು ಬಿಡಿಸುತ್ತದೆ. ಹಿಂಡುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. 2003ರ ಎಚ್.264 ಎಲ್ಲ ಫೋನಿನಲ್ಲೂ ಓಡುತ್ತದೆ. 2013ರಲ್ಲಿ ಎಚ್‌ಇವಿಸಿ, ಅಂದರೆ ಎಚ್.265, ಮತ್ತು ಗೂಗಲ್‌ನ ವಿಪಿ9 ಬಂದವು. 2018ರಲ್ಲಿ ಎವಿ1 ಬಂತು. ಹೊಸದಾದಷ್ಟೂ ಅಷ್ಟೇ ಗುಣಮಟ್ಟಕ್ಕೆ ಡೇಟಾ ಕಮ್ಮಿ, ಬಿಡಿಸುವ ಲೆಕ್ಕ ಜಾಸ್ತಿ. ಯೂಟ್ಯೂಬ್ 1080ಪಿಗಿಂತ ಮೇಲಿನ ಗುಣಮಟ್ಟವನ್ನು ಎಚ್.264ನಲ್ಲಿ ಕೊಡುವುದಿಲ್ಲ, ವಿಪಿ9 ಅಥವಾ ಎವಿ1ನಲ್ಲೇ ಕೊಡುತ್ತದೆ. ಹಳೆಯ ಐಫೋನುಗಳ ಯೂಟ್ಯೂಬ್‌ನಲ್ಲಿ 4ಕೆ ಬಾರದೆ, 2020ರ ಐಒಎಸ್ 14ರಿಂದ ಬರತೊಡಗಿದ್ದು ಇದೇ ಕಾರಣಕ್ಕೆ.

ಬಿಡಿಸುವ ಕೆಲಸಕ್ಕೆಂದೇ ಚಿಪ್ಪಿನಲ್ಲಿ ಒಂದು ಭಾಗ ಇರುತ್ತದೆ. ಅದು ಹಾರ್ಡ್‌ವೇರ್ ಡಿಕೋಡರ್. ಅದಿದ್ದರೆ ಬ್ಯಾಟರಿ ಉಳಿಯುತ್ತದೆ. ಇಲ್ಲದಿದ್ದರೆ ಆ ಲೆಕ್ಕವನ್ನೆಲ್ಲ ಮುಖ್ಯ ಪ್ರೊಸೆಸರ್ ಸಾಫ್ಟ್‌ವೇರ್ ಮೂಲಕ ಮಾಡಬೇಕು. ಬಿಸಿ ಬರುವುದು ಅಲ್ಲಿಂದ. ಎವಿ1ನಲ್ಲಿ ಇದು ಜಾಸ್ತಿ. ಚಿಪ್ ಕಂಪನಿ ಮೀಡಿಯಾಟೆಕ್‌ನ ಡೈಮೆನ್ಸಿಟಿ 1000 ಚಿಪ್ಪಿನಲ್ಲಿ ಎವಿ1 ಹಾರ್ಡ್‌ವೇರ್ ಬೇಗನೇ ಬಂತು, 2021ರ ಪಿಕ್ಸೆಲ್ 6ರ ಟೆನ್ಸರ್‌ನಲ್ಲೂ ಇತ್ತು. ಕ್ವಾಲ್‌ಕಾಮ್ ಮಾತ್ರ 2022ರ ಕೊನೆಯ ಸ್ನಾಪ್‌ಡ್ರ್ಯಾಗನ್ 8 ಜೆನ್ 2 ವರೆಗೆ ತಡ ಮಾಡಿತು. ಅದರ ಹಿಂದಿನ 865, 888, 8 ಜೆನ್ 1 ಎಲ್ಲ ದುಬಾರಿ ಫೋನುಗಳ ಚಿಪ್ಪುಗಳೇ, ಆದರೆ ಎವಿ1 ಹಾರ್ಡ್‌ವೇರ್ ಇಲ್ಲ. ಆಪಲ್‌ನಲ್ಲಿ 2023ರ ಐಫೋನ್ 15 ಪ್ರೋನಿಂದ ಶುರು. 2024ರಲ್ಲಿ ಗೂಗಲ್ ಡೇವಿಡ್ ಎಂಬ ವೇಗದ ಸಾಫ್ಟ್‌ವೇರ್ ಡಿಕೋಡರನ್ನು ಆಂಡ್ರಾಯ್ಡ್ 12 ಮತ್ತು ಮೇಲಿನ ಫೋನುಗಳಿಗೆ ಕೊಟ್ಟಿತು. ಇದರಿಂದ ಹಾರ್ಡ್‌ವೇರ್ ಇಲ್ಲದ ಫೋನಿಗೂ ಎವಿ1 ವಿಡಿಯೋ ಬರಬಹುದು. ಡೇಟಾ ಉಳಿಯುತ್ತದೆ, ಬ್ಯಾಟರಿ ಖರ್ಚಾಗುತ್ತದೆ.

ನಿಮ್ಮದರಲ್ಲಿ ಏನಿದೆ ಎಂದು ತಿಳಿಯಲು ಕೋಡೆಕ್ ಇನ್ಫೋ ಎಂಬ ಆಪ್ ಸಾಕು. ಪಟ್ಟಿಯಲ್ಲಿ ಎವಿ1 ಡಿಕೋಡರ್ ಹೆಸರು ನೋಡಿ. ಹೆಸರಿನ ನಡುವೆ ಕ್ಯೂಟಿಐ, ಎಂಟಿಕೆ ಅಥವಾ ಎಕ್ಸಿನೋಸ್ ಎಂದಿದ್ದರೆ ಸಾಮಾನ್ಯವಾಗಿ ಹಾರ್ಡ್‌ವೇರ್. ಆಂಡ್ರಾಯ್ಡ್ ಎಂದಿದ್ದರೆ ಸಾಫ್ಟ್‌ವೇರ್.

ಓಡುತ್ತಿರುವ ವಿಡಿಯೋದಲ್ಲೇ ನೋಡಬೇಕಾದರೆ ಯೂಟ್ಯೂಬ್ ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ಆನ್ ಮಾಡಿ, ಆಮೇಲೆ ವಿಡಿಯೋದ ಗೇರ್ ಮೆನುವಿನಿಂದ ಅದನ್ನು ತೆರೆಯಿರಿ. ತೆರೆಯ ಮೇಲೆ ಸಣ್ಣಕ್ಷರದಲ್ಲಿ ಅಂಕಿಗಳು ಬರುತ್ತವೆ. ಎವಿಸಿ1 ಎಂದರೆ ಎಚ್.264, ವಿಪಿ9 ಎಂದರೆ ಅದೇ, ಎವಿ01 ಎಂದರೆ ಎವಿ1. ಡ್ರಾಪ್ಡ್ ಫ್ರೇಮ್ಸ್ (ತೋರಿಸದೆ ಬಿಟ್ಟುಹೋದ ಚಿತ್ರಗಳು) ಎಂಬ ಲೆಕ್ಕವನ್ನು ಗಮನಿಸಿ. ನೆಟ್ ವೇಗ ಚೆನ್ನಾಗಿದ್ದು ಈ ಲೆಕ್ಕ ಮಾತ್ರ ಏರುತ್ತಲೇ ಇದ್ದರೆ ಫೋನ್ ಬಿಡಿಸಲಾರದೆ ಸೋಲುತ್ತಿದೆ. ಆಗ 1080ಪಿ60 (ಸೆಕೆಂಡಿಗೆ 60 ಚಿತ್ರ) ಬಿಟ್ಟು 720ಪಿಗೆ ಇಳಿಸಿ. ಬ್ಯಾಟರಿ ಸೇವರ್ ಆನ್ ಇದ್ದರೆ ತೆಗೆದು ನೋಡಿ. ಫೋನಿನ ತೆರೆಯೇ 720×1600 ಇದ್ದರೆ, ಕಡಿಮೆ ಬೆಲೆಯ ಹಲವು ಫೋನುಗಳಲ್ಲಿ ಅಷ್ಟೇ ಇರುತ್ತದೆ, 720ಪಿಗಿಂತ ಮೇಲೆ ಹೋಗಿ ಸಿಗುವುದು ತೀರ ಕಮ್ಮಿ. ಯಕ್ಷಗಾನ ನೋಡುವ ಅಜ್ಜನಿಗೆ ಇದಕ್ಕಾಗಿ ಹೊಸ ಫೋನ್ ಕೊಡಿಸಬೇಕಾಗಿಲ್ಲ.

ನೆಟ್ಟಿನ ಪಾಲು

ಆಟೋ ಎಂದಿಟ್ಟಾಗ ಆಪ್ ವಿಡಿಯೋವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ತರಿಸಿಕೊಳ್ಳುತ್ತದೆ, ಹಿಂದಿನ ತುಂಡು ಬಂದ ವೇಗ ನೋಡಿ ಮುಂದಿನದರ ಗುಣಮಟ್ಟ ನಿರ್ಧರಿಸುತ್ತದೆ. ಕಲ್ಯಾಣದಿಂದ ಸಿಎಸ್‌ಎಂಟಿಗೆ ಲೋಕಲ್‌ನಲ್ಲಿ ಹೋಗುವಾಗ ಫೋನ್ ಒಂದು ಟವರ್ ಬಿಟ್ಟು ಇನ್ನೊಂದನ್ನು ಹಿಡಿಯುತ್ತಲೇ ಇರುತ್ತದೆ. ಜೊತೆಗೆ ಡಬ್ಬಿ ತುಂಬ ಜನ ಅದೇ ಟವರ್ ಮೇಲೆ. ಮಸುಕಾಗುವುದು, ಮತ್ತೆ ತಿಳಿಯಾಗುವುದು ಅಲ್ಲಿ ಸಹಜ. ಅದು ದೋಷ ಅಲ್ಲ. ರಾತ್ರಿ ವೈಫೈನಲ್ಲಿ ಡೌನ್‌ಲೋಡ್ ಮಾಡಿಕೊಂಡು ಹೋಗುವುದೇ ಸರಿ.

ಮನೆಯಲ್ಲೂ ಆಗುತ್ತಿದ್ದರೆ ಫಾಸ್ಟ್ ಡಾಟ್ ಕಾಮ್ ತೆರೆಯಿರಿ. ಅದು ನೆಟ್‌ಫ್ಲಿಕ್ಸ್‌ನದೇ, ಅದರ ಸರ್ವರ್‌ಗಳಿಂದಲೇ ವೇಗ ಅಳೆಯುತ್ತದೆ. ಬೇರೆ ಸ್ಪೀಡ್ ಟೆಸ್ಟ್‌ನಲ್ಲಿ ಚೆನ್ನಾಗಿ ಬಂದು ಇದರಲ್ಲಿ ಮಾತ್ರ ಕಮ್ಮಿ ಬಂದರೆ ದೂರು ಕೊಡಬೇಕಾದದ್ದು ನೆಟ್ ಕಂಪನಿಗೆ. ನೆಟ್‌ಫ್ಲಿಕ್ಸ್ ಹೇಳುವ ಪ್ರಕಾರ 720ಪಿಗೆ 3, 1080ಪಿಗೆ 5 ಎಂಬಿಪಿಎಸ್ ಇದ್ದರೆ ಸಾಕು. ನೂರಾರು ಎಂಬಿಪಿಎಸ್ ಪ್ಲಾನ್ ಇದಕ್ಕೆ ಬೇಡ. ನಮ್ಮ ಕಟ್ಟಡಗಳಲ್ಲಿ ಸಮಸ್ಯೆ ವೈಫೈ ಗದ್ದಲದ್ದು. ಗೋಡೆಗೆ ಗೋಡೆ ತಾಗಿದ ಫ್ಲ್ಯಾಟುಗಳು, ಎಲ್ಲರ ರೂಟರ್ 2.4 ಗಿಗಾಹರ್ಟ್ಸ್‌ನಲ್ಲಿ, ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದು 1, 6, 11 ಮೂರೇ. ಫೋನನ್ನು ರೂಟರಿನ ಇನ್ನೊಂದು ವೈಫೈ ಬ್ಯಾಂಡ್ ಆದ 5 ಗಿಗಾಹರ್ಟ್ಸ್‌ಗೆ ಸೇರಿಸಿ ನೋಡಿ.

ಮೊಬೈಲ್ ಡೇಟಾದವರು ಸಂಜೆ ಹೊತ್ತು ದಿನದ ಕೋಟಾ ನೋಡಿಕೊಳ್ಳಿ. ಎಚ್‌ಡಿ ಒಂದು ಗಂಟೆಗೆ 3 ಜಿಬಿ ವರೆಗೆ ತಿನ್ನಬಹುದು. ದಿನಕ್ಕೆ 1.5 ಜಿಬಿ ಪ್ಲಾನ್ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿದರೆ ಯಾವ ವಿಡಿಯೋ ಕೂಡ ಓಡುವುದಿಲ್ಲ. 2020ರ ಮಾರ್ಚ್ ಲಾಕ್‌ಡೌನ್‌ನಲ್ಲಿ ಎಲ್ಲರಿಗೂ ಮೊಬೈಲ್ ನೆಟ್‌ನಲ್ಲಿ 480ಪಿಗೇ ನಿಂತಿತ್ತು. ಅದು ನೆಟ್ ಮೇಲಿನ ಹೊರೆ ಇಳಿಸಲು ಕಂಪನಿಗಳು ಸೇರಿ ಮಾಡಿದ್ದು. ಅದನ್ನು ನೆನಪಿಟ್ಟು ಈಗಲೂ ಹಾಗೇ ಇರಬೇಕು ಅಂದುಕೊಂಡವರಿದ್ದಾರೆ. ಆ ಮಿತಿ ಹೋಗಿ ವರ್ಷಗಳಾದವು.

ಶಬ್ದ ಇದೆ, ಚಿತ್ರ ಇಲ್ಲ

ಇದು ಮದುವೆ ಸೀಸನ್‌ನಲ್ಲಿ ಬರುವ ದೂರು. ಪುಣೆಯಲ್ಲಿರುವ ಮಗ ಐಫೋನಿನಲ್ಲಿ ತೆಗೆದ ವಿಡಿಯೋ, ಅಮ್ಮನ ಹಳೆ ಆಂಡ್ರಾಯ್ಡ್‌ನಲ್ಲಿ ಬರೀ ಓಲಗ ಕೇಳಿಸುತ್ತದೆ, ತೆರೆ ಕಪ್ಪು. 2017ರ ಐಒಎಸ್ 11ರಿಂದ ಐಫೋನುಗಳು ಜಾಗ ಉಳಿಸಲು ಎಚ್‌ಇವಿಸಿಯಲ್ಲಿ ಚಿತ್ರೀಕರಿಸುತ್ತವೆ. ಪೆನ್ ಡ್ರೈವ್‌ನಲ್ಲೋ ಡ್ರೈವ್ ಲಿಂಕ್‌ನಲ್ಲೋ ಮೂಲ ಫೈಲ್ ಬಂದಾಗ ಹಳೆ ಫೋನಿಗೆ ಅದನ್ನು ಬಿಡಿಸಲು ಬರುವುದಿಲ್ಲ. ವಿಎಲ್‌ಸಿ ಹಾಕಿ ನೋಡಿ, ಅದರಲ್ಲಿ ತನ್ನದೇ ಸಾಫ್ಟ್‌ವೇರ್ ಡಿಕೋಡರ್ ಇದೆ. 4ಕೆ ಫೈಲ್ ಆದರೆ ಅದೂ ತಡವರಿಸಬಹುದು. ಆಗ ಮಗನಿಗೇ ಹೇಳಿ, 1080ಪಿ ಎಚ್.264ಗೆ ಬದಲಿಸಿ ಕಳಿಸಲಿ. ವಾಟ್ಸಾಪ್‌ನಲ್ಲಿ ಮಾಮೂಲಿ ವಿಡಿಯೋ ಆಗಿ ಕಳಿಸಿದರೆ ಓಡುತ್ತದೆ, ಆದರೆ ವಾಟ್ಸಾಪ್ ಅದನ್ನು ಇನ್ನಷ್ಟು ಹಿಂಡಿಬಿಡುತ್ತದೆ. ಹಾಗಾಗಿ ಬದಲಿಸಿದ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಬೇಕು, 2 ಜಿಬಿ ವರೆಗೆ ಹೋಗುತ್ತದೆ. ಮುಂದಿನ ಮದುವೆಗೆ ಅವನ ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿಟ್ಟರೆ 1080ಪಿ ವಿಡಿಯೋ ಮೊದಲಿಂದಲೇ ಎಚ್.264ನಲ್ಲಿ ಬರುತ್ತದೆ.